ಯಾರೂ ಓದದ ಮೊದಲ ಪುಸ್ತಕ

ಕರ್ನಾಟಕದಲ್ಲಿ ಇವತ್ತು ಅತಿ ಹೆಚ್ಚು ಪುಟಗಳನ್ನು ತುಂಬುತ್ತಿರುವ ಗದ್ಯ ಯಾವುದೆಂದು ಕೇಳಿದರೆ ನಮ್ಮ ವಿಮರ್ಶಕರು ಕಾದಂಬರಿಯ ಹೆಸರನ್ನೋ ಪತ್ರಿಕಾ ಅಂಕಣದ ಹೆಸರನ್ನೋ ಹೇಳಿಯಾರು. ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಬರೆದು ಒಪ್ಪಿಸುವ ಪ್ರಾಜೆಕ್ಟ್ ವರದಿ ಯಾರ ನೆನಪಿಗೂ ಬರಲಾರದು. ಬೇಸಿಗೆ ಬಂತೆಂದರೆ ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಅಂಗಡಿಗಳ ಮುಂದೆ ಹುಡುಗ ಹುಡುಗಿಯರು ಸಾಲುಗಟ್ಟಿ ನಿಲ್ಲುತ್ತಾರೆ. ಒಳಗೆ ಮುದ್ರಣ ಯಂತ್ರ ಬಿಸಿಯಾಗಿ ಉಸಿರು ಬಿಡುತ್ತಿರುತ್ತದೆ. ರೆಕ್ಸಿನ್ ಹೊದಿಕೆಯ ಮೇಲೆ ಬಂಗಾರದ ಬಣ್ಣದ ಅಕ್ಷರಗಳು ಬೀಳುತ್ತವೆ. ಒಂದು ಪ್ರತಿ ವಿಭಾಗಕ್ಕೆ, ಒಂದು ಗ್ರಂಥಾಲಯಕ್ಕೆ, ಒಂದು ಮಾರ್ಗದರ್ಶಕರಿಗೆ, ಉಳಿದವು ಮಾಡಿದವರಿಗೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಅದರ ಹಾಳೆಗಳನ್ನು ಸರಸರನೆ ತಿರುವುತ್ತಾರೆ. ಅಲ್ಲಿಗೆ ಅದರ ಓದು ಮುಗಿಯಿತು. ಮುಂದೆ ಅದು ಬೀರುವಿನಲ್ಲಿ ಧೂಳು ತಿಂದು, ಜಾಗ ಸಾಲದಾದಾಗ ತೂಕಕ್ಕೆ ಹೋಗುತ್ತದೆ.

ಇಷ್ಟೊಂದು ಬರಹವನ್ನು ಒಂದು ಸಮಾಜ ತನ್ನ ಮಕ್ಕಳಿಂದ ಬರೆಸಿ ಅದನ್ನು ಓದದೆಯೇ ಉಳಿಯುವುದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಪದವಿಯ ಮೆಟ್ಟಿಲು ಹತ್ತುತ್ತಿರುವವರಲ್ಲಿ ದೊಡ್ಡ ಪಾಲು ತಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲ ತಲೆಮಾರು. ಬೀಡಿ ಕಟ್ಟುವವರ, ಆಟೋ ಓಡಿಸುವವರ, ಗಾರೆ ಕೆಲಸದವರ, ಎರಡೆಕರೆ ಖುಷ್ಕಿ ನಂಬಿದವರ ಮಕ್ಕಳು. ಅಂಥ ಮನೆಯೊಳಗೆ ಮನೆಯವರದೇ ಹೆಸರು ಹೊತ್ತು ಬರುವ ಮೊದಲ ಪುಸ್ತಕ ಈ ವರದಿ. ಬಹಳ ಮನೆಗಳಲ್ಲಿ ಅದೇ ಕೊನೆಯದೂ ಹೌದು. ಆದ್ದರಿಂದ ಅದನ್ನು ಕೇವಲ ಪರೀಕ್ಷೆಯ ಒಂದು ಕಾಗದವೆಂದು ಬದಿಗಿಡದೆ ಒಂದು ಪಠ್ಯವಾಗಿ ಓದುವ ಅಗತ್ಯವಿದೆ. ಅದು ಏನು ಹೇಳುತ್ತದೆ, ಏನನ್ನು ಬಚ್ಚಿಡುತ್ತದೆ, ಬರೆದವರಿಗೆ ಬರವಣಿಗೆಯ ಬಗ್ಗೆ ಯಾವ ಪಾಠ ಕಲಿಸಿ ಕಳಿಸುತ್ತದೆ ಎಂಬ ಪ್ರಶ್ನೆಗಳನ್ನು ಕೇಳಬೇಕಿದೆ.

ಇಂಜಿನಿಯರಿಂಗ್ ವರದಿಯನ್ನೇ ಮಾದರಿಯಾಗಿ ತೆಗೆದುಕೊಳ್ಳೋಣ. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ನಾಡಿನ ಹೆಚ್ಚಿನ ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಸೂರಿನಡಿ ಬಂದವು. ವರದಿಯ ರೂಪವೂ ಹೆಚ್ಚುಕಡಿಮೆ ಒಂದೇ ಆಯಿತು. ಮೊದಲಿಗೆ ಪ್ರಮಾಣಪತ್ರ. ಅದರ ಕೆಳಗೆ ಮಾರ್ಗದರ್ಶಕರು, ವಿಭಾಗ ಮುಖ್ಯಸ್ಥರು, ಪ್ರಾಂಶುಪಾಲರ ಸಹಿ. ಆಮೇಲೆ ಇದು ನಮ್ಮದೇ ಕೆಲಸ ಎಂಬ ಘೋಷಣೆ. ನಂತರ ಕೃತಜ್ಞತೆ, ಸಾರಾಂಶ, ಪರಿವಿಡಿ, ಚಿತ್ರಗಳ ಪಟ್ಟಿ. ಅಧ್ಯಾಯಗಳು ಶುರುವಾದರೆ ಪೀಠಿಕೆ, ಹಿಂದಿನ ಅಧ್ಯಯನಗಳ ಸಮೀಕ್ಷೆ, ಬೇಕಾದ ಸಲಕರಣೆ, ವಿನ್ಯಾಸ, ಅನುಷ್ಠಾನ, ಪರೀಕ್ಷೆ, ಫಲಿತಾಂಶ, ಉಪಸಂಹಾರ, ಮುಂದೆ ಮಾಡಬಹುದಾದದ್ದು. ಈ ಕ್ರಮದಲ್ಲಿ ದೋಷವೇನೂ ಇಲ್ಲ. ಪ್ರಶ್ನೆ ಎಲ್ಲಿಂದ ಹುಟ್ಟಿತು, ಬೇರೆಯವರು ಏನು ಮಾಡಿದ್ದರು, ನಾವೇನು ಮಾಡಿದೆವು, ಏನು ಕಂಡೆವು ಎಂಬ ಸರಣಿ ವಿಜ್ಞಾನದ ಬರವಣಿಗೆಗೆ ಒಪ್ಪುವಂಥದ್ದೇ. ಈ ಪಾತ್ರೆಯೊಳಗೆ ನಾವು ಏನನ್ನು ತುಂಬಿಸುತ್ತಿದ್ದೇವೆ ಎಂಬುದು ಇಲ್ಲಿಯ ಸಮಸ್ಯೆ.

ಪೀಠಿಕೆ ಸಾಮಾನ್ಯವಾಗಿ ಇಡೀ ಜಗತ್ತಿನಿಂದ ಆರಂಭವಾಗುತ್ತದೆ. ಇಂದಿನ ಯುಗ ತಂತ್ರಜ್ಞಾನದ ಯುಗ, ಭಾರತ ಕೃಷಿಪ್ರಧಾನ ದೇಶ, ನೀರು ಅಮೂಲ್ಯ ಸಂಪತ್ತು ಎಂಬ ಅರ್ಥದ ವಾಕ್ಯಗಳು ಎಲ್ಲ ಊರಿನ ಎಲ್ಲ ವರದಿಗಳಲ್ಲೂ ಒಂದೇ ಮುಖ ಹೊತ್ತು ನಿಂತಿರುತ್ತವೆ. ಬರೆದ ಹುಡುಗ ಗದಗಿನವನೋ ಉಳ್ಳಾಲದವನೋ ಗೊತ್ತಾಗುವುದಿಲ್ಲ. ಅವನ ಅಪ್ಪನ ಹೊಲದಲ್ಲಿ ಬೋರ್‌ವೆಲ್ ಬತ್ತಿದ್ದರೂ ಅದು ಪೀಠಿಕೆಗೆ ಬರುವುದಿಲ್ಲ. ಬಂದರೆ ಅದು ‘ಶಾಸ್ತ್ರೀಯ’ ಅಲ್ಲ ಎಂದು ಯಾರೋ ಅವನಿಗೆ ಹೇಳಿರುತ್ತಾರೆ. ಸಮೀಕ್ಷೆಯ ಅಧ್ಯಾಯದಲ್ಲಿ ಹತ್ತು ಹನ್ನೆರಡು ಲೇಖನಗಳ ಸಾರಾಂಶಗಳು ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರಂತೆ ಕೂತಿರುತ್ತವೆ. ಒಂದು ಲೇಖನ ಇನ್ನೊಂದನ್ನು ಒಪ್ಪುತ್ತದೆಯೇ, ತಕರಾರು ತೆಗೆಯುತ್ತದೆಯೇ, ನಮ್ಮ ಪ್ರಶ್ನೆಗೆ ಎಲ್ಲಿ ಕೈಕೊಡುತ್ತದೆ ಎಂಬ ಮಾತೇ ಇರುವುದಿಲ್ಲ. ಹಿಂದಿನವರನ್ನು ಓದುವುದೆಂದರೆ ಅವರೊಡನೆ ಮಾತಿಗಿಳಿಯುವುದು ಎಂಬ ತಿಳಿವಳಿಕೆ ಈ ಅಧ್ಯಾಯದಿಂದ ಹುಟ್ಟಬೇಕಿತ್ತು. ಅದರ ಜಾಗದಲ್ಲಿ ಹಾಜರಿಪುಸ್ತಕವೊಂದು ಸಿದ್ಧವಾಗುತ್ತದೆ.

ಇನ್ನು ಭಾಷೆ. ಈ ವರದಿಗಳ ಇಂಗ್ಲಿಷ್ ಪೂರ್ತಿಯಾಗಿ ಕರ್ಮಣಿಪ್ರಯೋಗದ್ದು. ಕನ್ನಡದಲ್ಲಿ ಬರೆಯುವ ಎಂ.ಎ. ಕಿರುಪ್ರಬಂಧಗಳಿಗೂ ಇದೇ ರೋಗ ಅಂಟಿದೆ: ಅಧ್ಯಯನ ನಡೆಸಲಾಗಿದೆ, ಮಾಹಿತಿ ಸಂಗ್ರಹಿಸಲಾಗಿದೆ, ವಿಶ್ಲೇಷಿಸಲಾಗಿದೆ. ಕನ್ನಡದ ಕ್ರಿಯಾಪದದ ಸೊಗಸು ಏನೆಂದರೆ ಮಾಡಿದವರು ಯಾರೆಂಬುದು ಅದರ ಬಾಲದಲ್ಲೇ ಇರುತ್ತದೆ. ‘ಅಳೆದೆವು’ ಎಂದರೆ ಸಾಕು, ನಾವು ಎಂದು ಬೇರೆ ಹೇಳಬೇಕಿಲ್ಲ. ‘ಅಳೆದಳು’ ಎಂದರೆ ಅಳತೆಪಟ್ಟಿ ಹಿಡಿದ ಹುಡುಗಿ ಕಣ್ಣೆದುರು ಬರುತ್ತಾಳೆ. ‘ಅಳೆಯಲಾಯಿತು’ ಎಂದೊಡನೆ ಆ ಬಾಲ ಕತ್ತರಿಸಿಹೋಗುತ್ತದೆ. ಕೆಲಸ ಉಳಿಯುತ್ತದೆ, ಮಾಡಿದವರು ಮಾಯವಾಗುತ್ತಾರೆ. ವಿಜ್ಞಾನದಲ್ಲಿ ವ್ಯಕ್ತಿಗಿಂತ ಕ್ರಿಯೆ ಮುಖ್ಯ ಎಂಬ ವಾದ ಇದಕ್ಕಿದೆ. ಆದರೆ ನಾಲ್ವರ ತಂಡದಲ್ಲಿ ಒಬ್ಬಳು ರಾತ್ರಿಯೆಲ್ಲ ಕೂತು ಸಂಕೇತ ಬರೆದು, ಇನ್ನೊಬ್ಬ ಹಣ ಕೊಟ್ಟು, ಮತ್ತಿಬ್ಬರು ಮುದ್ರಣದ ದಿನ ಮಾತ್ರ ಹಾಜರಾದ ಸಂದರ್ಭದಲ್ಲಿ ಈ ವ್ಯಾಕರಣ ಯಾರಿಗೆ ಅನುಕೂಲ ಮಾಡಿಕೊಡುತ್ತದೆ ಎಂದು ಕೇಳಿಕೊಳ್ಳಬೇಕು. ಮಾಡಿದವರನ್ನು ಅಳಿಸುವ ವಾಕ್ಯ ಮಾಡದವರನ್ನೂ ಕಾಪಾಡುತ್ತದೆ.

ಫಲಿತಾಂಶದ ಅಧ್ಯಾಯ ಇನ್ನೂ ಸೋಜಿಗದ್ದು. ನಮ್ಮ ವರದಿಗಳಲ್ಲಿ ಸೋಲು ಎಂಬುದೇ ಇಲ್ಲ. ಎಲ್ಲ ಯಂತ್ರಗಳೂ ನಡೆಯುತ್ತವೆ, ಎಲ್ಲ ತಂತ್ರಾಂಶಗಳೂ ಯಶಸ್ವಿ. ಮಣ್ಣಿನ ತೇವ ನೋಡಿ ತಾನೇ ನೀರು ಬಿಡುವ ಯಂತ್ರ ನಮ್ಮ ಕಾಲೇಜುಗಳಲ್ಲಿ ಮತ್ತೆ ಮತ್ತೆ ಹುಟ್ಟುವ ಪ್ರಾಜೆಕ್ಟು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದಕ್ಕೆ ಬೇಕಾದ ಬಿಡಿಭಾಗಗಳೆಲ್ಲ ಸಿಗುತ್ತವೆ. ಅದರಲ್ಲಿ ಅಗ್ಗದ ತೇವಮಾಪಕವೊಂದಿದೆ. ಎರಡು ಹಲ್ಲಿನ ಕವಲುಕಡ್ಡಿಯಂಥ ಅದನ್ನು ಮಣ್ಣಿಗೆ ಚುಚ್ಚುತ್ತಾರೆ. ಒದ್ದೆ ಮಣ್ಣಿನಲ್ಲಿ ಅದರ ಮೂಲಕ ವಿದ್ಯುತ್ತು ಸದಾ ಹರಿಯುತ್ತಿದ್ದರೆ ವಿದ್ಯುದ್ವಿಭಜನೆಯಿಂದ ಅದರ ಲೋಹದ ಲೇಪ ತಿಂದುಹೋಗುತ್ತದೆ. ಸ್ವಲ್ಪ ದಿನಗಳಲ್ಲೇ ಅದು ಸುಳ್ಳು ಲೆಕ್ಕ ಕೊಡತೊಡಗುತ್ತದೆ. ಓದುವ ಕ್ಷಣಕ್ಕೆ ಮಾತ್ರ ವಿದ್ಯುತ್ತು ಹರಿಸಿದರೆ ಬಾಳಿಕೆ ಹೆಚ್ಚುತ್ತದೆ. ಲೋಹ ಮಣ್ಣಿಗೆ ತಾಗದ ಬೇರೆ ಬಗೆಯ ಮಾಪಕ ಬಳಸಿದರೆ ಈ ತೊಂದರೆಯೇ ಇರುವುದಿಲ್ಲ. ಒಂದು ತಿಂಗಳು ಹೊಲದಲ್ಲಿಟ್ಟು ನೋಡಿದವರಿಗೆ ತಾನಾಗಿ ತಿಳಿಯುವ ಸಂಗತಿಯಿದು. ಆದರೆ ಯಂತ್ರ ಹೊಲಕ್ಕೆ ಹೋಗುವುದು ಅಪರೂಪ. ಅದು ಮೇಜಿನ ಮೇಲಿನ ಹೂಕುಂಡದಲ್ಲಿ ಪರೀಕ್ಷಕರ ಮುಂದೆ ಹತ್ತು ನಿಮಿಷ ನಡೆದರೆ ಸಾಕು. ‘ನಮ್ಮ ಮಾಪಕ ಇಷ್ಟನೆಯ ದಿನ ಕೆಟ್ಟಿತು, ಕೆಟ್ಟದ್ದು ಹೀಗೆ ಗೊತ್ತಾಯಿತು’ ಎಂಬ ಒಂದೇ ಒಂದು ಪುಟ ಹಿಂದಿನ ವರದಿಯಲ್ಲಿದ್ದಿದ್ದರೆ ಮುಂದಿನ ವರ್ಷದ ತಂಡ ಅಲ್ಲಿಂದ ಹೊರಡುತ್ತಿತ್ತು. ಯಾರೂ ಸೋಲನ್ನು ಬರೆದಿಡದ ಕಾರಣ ಪ್ರತಿ ವರ್ಷವೂ ಹೊಸ ಮಕ್ಕಳು ಹಳೆಯ ಹೊಂಡಕ್ಕೇ ಬೀಳುತ್ತಾರೆ. ವರದಿ ಓದದಿರುವುದರ ನಿಜವಾದ ಬೆಲೆ ಇದು.

ಇಷ್ಟು ಹೇಳಿದ ಮೇಲೆ ತಪ್ಪನ್ನೆಲ್ಲ ವಿದ್ಯಾರ್ಥಿಗಳ ತಲೆಗೆ ಕಟ್ಟುವುದು ಸುಲಭ. ಸಿದ್ಧ ಪ್ರಾಜೆಕ್ಟುಗಳನ್ನು ಮಾರುವ ಅಂಗಡಿಗಳು ನಗರಗಳಲ್ಲಿ ಇವೆ, ಹಣ ಕೊಟ್ಟರೆ ಯಂತ್ರದ ಜೊತೆ ವರದಿಯೂ ಸಿಗುತ್ತದೆ ಎಂಬುದು ಗುಟ್ಟಿನ ಮಾತಲ್ಲ. ‘ಈಗಿನ ಹುಡುಗರು ಸೋಮಾರಿಗಳು’ ಎಂದು ಮೇಷ್ಟ್ರುಗಳು ಗೊಣಗುವುದೂ ಹೊಸದಲ್ಲ. ಆದರೆ ಈ ಕೊಳ್ಳುವಿಕೆಯ ಹಿಂದೆ ಸೋಮಾರಿತನಕ್ಕಿಂತ ಹೆಚ್ಚಾಗಿ ಇರುವುದು ಅಂಜಿಕೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಕಲಿತು, ಮನೆಯಲ್ಲಿ ಬ್ಯಾರಿ, ತುಳು, ದಖನಿ, ಲಂಬಾಣಿ ಆಡಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿನ ಮಡುವಿಗೆ ಬಿದ್ದ ಹುಡುಗಿಯನ್ನು ನೆನೆಯಿರಿ. ಆರೇಳು ವರ್ಷ ಆಕೆ ಬರೆದದ್ದೆಲ್ಲ ಪ್ರಶ್ನೋತ್ತರ. ಅದೂ ನೋಟ್ಸಿನಿಂದ ಬಾಯಿಪಾಠ ಮಾಡಿದ್ದು. ತನ್ನದೇ ಮಾತಿನಲ್ಲಿ ಎರಡು ಪುಟ ಬರೆ ಎಂದು ಆಕೆಗೆ ಯಾರೂ ಹೇಳಿಲ್ಲ, ಬರೆದದ್ದನ್ನು ಯಾರೂ ತಿದ್ದಿಲ್ಲ. ಅಂಥವಳಿಗೆ ಕೊನೆಯ ವರ್ಷ ಥಟ್ಟನೆ ಅರವತ್ತು ಎಪ್ಪತ್ತು ಪುಟಗಳ ಇಂಗ್ಲಿಷ್ ಪುಸ್ತಕ ಬರೆ ಎನ್ನುತ್ತೇವೆ. ತನ್ನ ವಾಕ್ಯ ತಪ್ಪಾದೀತು, ನಗೆಪಾಟಲಾದೀತು ಎಂಬ ಹೆದರಿಕೆಯಲ್ಲಿ ಆಕೆ ‘ಸರಿಯಾದ’ ವಾಕ್ಯಗಳನ್ನು ಬೇರೆಡೆಯಿಂದ ತರುತ್ತಾಳೆ. ಮದುವೆಮನೆಗೆ ಹೋಗಲು ಪಕ್ಕದ ಮನೆಯ ಸರ ಎರವಲು ತಂದಂತೆ. ಮಾಡಿದ ಕೆಲಸ ಅವಳದೇ, ಹೇಳುವ ಮಾತು ಮಾತ್ರ ಅವಳದಲ್ಲ. ಇತ್ತ ಮಾರ್ಗದರ್ಶಕರ ಕೈಯಲ್ಲೂ ಹಲವು ತಂಡಗಳು, ಪಾಠ, ಮೌಲ್ಯಮಾಪನ, ಮಾನ್ಯತೆಯ ಕಡತಗಳು. ರಾತ್ರಿ ಕೂತು ಮಕ್ಕಳ ಕರಡು ತಿದ್ದುವ ಮೇಷ್ಟ್ರುಗಳು ಇಲ್ಲವೆಂದಲ್ಲ, ಇದ್ದಾರೆ. ಆದರೆ ಅವರ ಆ ಶ್ರಮಕ್ಕೆ ವ್ಯವಸ್ಥೆಯ ಯಾವ ಲೆಕ್ಕದಲ್ಲೂ ಜಾಗವಿಲ್ಲ.

ನಕಲು ತಡೆಯಲು ಸರ್ಕಾರದ ಕಡೆಯಿಂದ ಬಂದ ದೊಡ್ಡ ಉತ್ತರವೆಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಕೃತಿಚೌರ್ಯ ನಿಯಮಾವಳಿ. ಸಾಮ್ಯತೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60ರವರೆಗಿದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಈ ದಂಡನೆಗಳನ್ನು ಸ್ನಾತಕೋತ್ತರ ಮತ್ತು ಸಂಶೋಧನಾ ಮಟ್ಟದ ಬರಹಗಳನ್ನು ಮುಂದಿಟ್ಟುಕೊಂಡು ರೂಪಿಸಿದ್ದರೂ ಶೇಕಡಾವಾರು ಅಳೆಯುವ ಈ ರೂಢಿ ಪದವಿ ವರದಿಗಳಿಗೂ ಇಳಿದು ಬಂದಿದೆ. ಪಿಎಚ್.ಡಿ.ಗಳ ಮಟ್ಟದಲ್ಲಿ ನಡೆಯುತ್ತಿದ್ದ ಹಗಲು ದರೋಡೆಗೆ ಇದರಿಂದ ಸ್ವಲ್ಪ ಅಂಜಿಕೆ ಬಂದಿದ್ದರೆ ಒಳ್ಳೆಯದೇ. ಆದರೆ ಯಂತ್ರ ಅಳೆಯುವುದು ಪದಗಳ ಹೋಲಿಕೆಯನ್ನು ಮಾತ್ರ. ಬರೆದವರು ಕಂಡರೇ, ಮಾಡಿದರೇ, ಅರಿತರೇ ಎಂಬುದು ಅದಕ್ಕೆ ತಿಳಿಯದು. ಹೀಗಾಗಿ ವಿದ್ಯಾರ್ಥಿಗಳು ಕಲಿತದ್ದು ತಮ್ಮ ಮಾತು ಬರೆಯುವುದನ್ನಲ್ಲ, ಬೇರೆಯವರ ಮಾತಿನ ಪದಗಳನ್ನು ಅದಲುಬದಲು ಮಾಡುವುದನ್ನು. ‘ದೊಡ್ಡ’ ಇದ್ದಲ್ಲಿ ‘ಬೃಹತ್’ ಹಾಕಿದರೆ ಶೇಕಡಾವಾರು ಇಳಿಯುತ್ತದೆ. ಕಳವು ನಿಲ್ಲುವುದಿಲ್ಲ, ಮಾಲಿನ ಬಣ್ಣ ಬದಲಾಗುತ್ತದೆ.

ಕನ್ನಡದ ವರದಿಗಳ ಕತೆ ಬೇರೆಯೇ. ನುಡಿಯಂಥ ತಂತ್ರಾಂಶಗಳ ಹಳೆಯ ಅಕ್ಷರಮಾದರಿಯಲ್ಲಿ ಟೈಪಾದ, ಯೂನಿಕೋಡಿಗೆ ಬಾರದ ಬರಹಗಳನ್ನು ಹುಡುಕುಯಂತ್ರ ಓದಲಾರದು. ಅಂದರೆ ವರ್ಷಗಟ್ಟಲೆ ನಮ್ಮ ಸ್ನಾತಕೋತ್ತರ ವಿಭಾಗಗಳಲ್ಲಿ ತಯಾರಾದ ಕಿರುಪ್ರಬಂಧಗಳು ನಕಲಿನಿಂದ ಕಾಪಾಡಲ್ಪಟ್ಟಿಲ್ಲ. ಓದುಗರಿಗೆ ಸಿಕ್ಕಿಯೂ ಇಲ್ಲ. ಪಿಎಚ್.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’ ಎಂಬ ರಾಷ್ಟ್ರೀಯ ಭಂಡಾರವಿದೆ. ತನ್ನ ಊರಿನ ಸಂತೆಯ ಬಗ್ಗೆ, ಮೊಹರಂ ಪದಗಳ ಬಗ್ಗೆ, ಮೀನುಪೇಟೆಯ ಹೆಂಗಸರ ಬಗ್ಗೆ ಅಲೆದಾಡಿ ಬರೆದ ಎಂ.ಎ. ವಿದ್ಯಾರ್ಥಿಯ ಎಂಬತ್ತು ಪುಟಗಳಿಗೆ ಅಂಥ ಗಂಗೆಯಿಲ್ಲ, ಹಳ್ಳವೂ ಇಲ್ಲ.

ಈ ನಡುವೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಈಗ ಕೇಳಿದರೆ ಕ್ಷಣದಲ್ಲಿ ಪೀಠಿಕೆಯಿಂದ ಉಪಸಂಹಾರದವರೆಗೆ ಬರೆದುಕೊಡುವ ಯಂತ್ರಗಳು ಪ್ರತಿ ಹುಡುಗನ ಜೇಬಿನಲ್ಲಿವೆ. ಅವು ಬರೆದದ್ದು ಯಾವುದಕ್ಕೂ ಅಕ್ಷರಶಃ ಹೋಲದಿರಬಹುದು. ಸಾಮ್ಯತೆಯ ಪರೀಕ್ಷೆಯಲ್ಲಿ ಪಾಸಾಗಲೂಬಹುದು. ಇದರಿಂದ ವಿಶ್ವವಿದ್ಯಾಲಯಗಳು ಕಂಗಾಲಾಗಿವೆ. ಆದರೆ ಯೋಚಿಸಿ ನೋಡಿದರೆ ಈ ಯಂತ್ರ ಹೊಸ ರೋಗ ತಂದಿಲ್ಲ. ಇದ್ದ ರೋಗವನ್ನು ಬಯಲಿಗೆಳೆದಿದೆ. ಯಾರೂ ಇಲ್ಲದ ವಾಕ್ಯ, ಯಾವ ಊರಿನದೂ ಅಲ್ಲದ ಪೀಠಿಕೆ, ಸೋಲೇ ಇಲ್ಲದ ಫಲಿತಾಂಶ - ಇದನ್ನೇ ಒಳ್ಳೆಯ ವರದಿ ಎಂದು ಎಷ್ಟೋ ವರ್ಷಗಳಿಂದ ನಾವು ಮಕ್ಕಳಿಗೆ ಹೇಳಿಕೊಟ್ಟಿದ್ದೆವು. ಈಗ ಅದನ್ನು ಮನುಷ್ಯರಿಗಿಂತ ಚೆನ್ನಾಗಿ ಬರೆಯುವ ಯಂತ್ರ ಸಿಕ್ಕಿದೆ, ಅಷ್ಟೆ. ಮನುಷ್ಯರು ಮಾತ್ರ ಬರೆಯಬಹುದಾದದ್ದು ಯಾವುದು ಎಂಬ ಪ್ರಶ್ನೆಯನ್ನು ಇನ್ನು ಮುಂದೂಡಲಾಗದು.

ಕೊನೆಯ ವರ್ಷದ ವಿದ್ಯಾರ್ಥಿಯ ವರದಿಯಿಂದ ಏನಾದೀತು ಎಂದು ಕೇಳುವವರಿಗೆ ನ್ಯೂಯಾರ್ಕಿನ ಒಂದು ಕಟ್ಟಡದ ಚರಿತ್ರೆಯನ್ನು ನೆನಪಿಸಬಹುದು. ಮ್ಯಾನ್‌ಹಟನ್ನಿನ ಸಿಟಿಕಾರ್ಪ್ ಸೆಂಟರ್ 59 ಮಹಡಿಗಳ ಗೋಪುರ. 1977ರಲ್ಲಿ ಕಟ್ಟಿ ಮುಗಿದದ್ದು. ನಿವೇಶನದ ಒಂದು ಮೂಲೆಯಲ್ಲಿ ಚರ್ಚು ಇರಬೇಕಾಗಿದ್ದುದರಿಂದ ಕಟ್ಟಡದ ಭಾರಿ ಕಂಬಗಳನ್ನು ನಾಲ್ಕು ಮೂಲೆಗಳಲ್ಲಿ ನಿಲ್ಲಿಸದೆ ನಾಲ್ಕು ಬದಿಗಳ ನಡುಮಧ್ಯದಲ್ಲಿ ನಿಲ್ಲಿಸಿದ್ದರು. ಇದರ ರಚನಾ ಇಂಜಿನಿಯರ್ ವಿಲಿಯಂ ಲೆಮೆಷೂರಿಯರ್ ಹೆಸರಾಂತ ವ್ಯಕ್ತಿ. 1978ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೊನೆಯ ವರ್ಷದ ವಿದ್ಯಾರ್ಥಿನಿ ಡಯಾನ್ ಹಾರ್ಟ್ಲಿ ಪ್ರಾಧ್ಯಾಪಕ ಡೇವಿಡ್ ಬಿಲ್ಲಿಂಗ್ಟನ್ ಅವರ ಮಾರ್ಗದರ್ಶನದಲ್ಲಿ ತನ್ನ ಪ್ರಬಂಧಕ್ಕೆ ಈ ಕಟ್ಟಡವನ್ನೇ ಆಯ್ದುಕೊಂಡಳು. ಗೋಡೆಗೆ ನೇರವಾಗಿ ಬಡಿಯುವ ಗಾಳಿಯ ಲೆಕ್ಕದ ಜೊತೆಗೆ ಮೂಲೆಯ ಮೇಲೆ ಓರೆಯಾಗಿ ಬೀಸುವ ಗಾಳಿಯ ಲೆಕ್ಕವನ್ನೂ ಹಾಕಿದಳು. ಓರೆಗಾಳಿಗೆ ಕೆಲವು ಭಾಗಗಳ ಮೇಲಿನ ಒತ್ತಡ ಹೆಚ್ಚು ಬಂತು. ಸಂಸ್ಥೆಯ ಕಚೇರಿಯನ್ನು ಕೇಳಿದಳು. ಕಟ್ಟಡ ಗಟ್ಟಿಯಾಗಿದೆ ಎಂಬ ಉತ್ತರ ಸಿಕ್ಕಿತು. ಆಕೆ ಪ್ರಬಂಧ ಒಪ್ಪಿಸಿ ಪದವಿ ಪಡೆದು ಹೊರಟಳು.

ಅದೇ ವರ್ಷ ಲೆಮೆಷೂರಿಯರ್ ವಿದ್ಯಾರ್ಥಿಯೊಬ್ಬರ ಪ್ರಶ್ನೆಯ ನಿಮಿತ್ತದಿಂದ ತಮ್ಮ ಲೆಕ್ಕವನ್ನು ಮತ್ತೆ ಮಾಡಿ ನೋಡಿದರು. ಬೆಸುಗೆ ಹಾಕಬೇಕಿದ್ದ ಜೋಡಣೆಗಳನ್ನು ಬೋಲ್ಟಿನಿಂದ ಬಿಗಿದಿರುವುದೂ ಅವರ ಗಮನಕ್ಕೆ ಬಂದಿತ್ತು. ಎರಡೂ ಸೇರಿದರೆ ದೊಡ್ಡ ಬಿರುಗಾಳಿಗೆ ಗೋಪುರ ನಿಲ್ಲಲಾರದೆಂಬ ಭಯ ಹುಟ್ಟಿತು. ಜನರಿಗೆ ತಿಳಿಸದೆ ರಾತ್ರಿಹೊತ್ತು ಬೆಸುಗೆಯವರು ಕಟ್ಟಡದ ಒಳಗೆ ಉಕ್ಕಿನ ಪಟ್ಟಿಗಳನ್ನು ಕೂರಿಸಿದರು. ಸೆಪ್ಟೆಂಬರಿನಲ್ಲಿ ‘ಎಲ್ಲಾ’ ಚಂಡಮಾರುತ ಸಮುದ್ರದಲ್ಲಿ ಎದ್ದು ಬೇರೆ ದಿಕ್ಕಿಗೆ ತಿರುಗಿತು. ಈ ಸಂಗತಿ ಲೋಕಕ್ಕೆ ಗೊತ್ತಾದದ್ದು 1995ರಲ್ಲಿ, ‘ದಿ ನ್ಯೂಯಾರ್ಕರ್’ ಪತ್ರಿಕೆಯ ಲೇಖನದಿಂದ. ತನ್ನ ಪ್ರಶ್ನೆಗೂ ಈ ಕತೆಗೂ ಸಂಬಂಧವಿರಬಹುದೆಂದು ಹಾರ್ಟ್ಲಿಗೆ ತಿಳಿದದ್ದು ಅದಕ್ಕೂ ನಂತರ. ಇಂಜಿನಿಯರನ್ನು ಎಚ್ಚರಿಸಿದ ಕರೆ ಅವಳದೋ ಇನ್ನೊಬ್ಬ ವಿದ್ಯಾರ್ಥಿಯದೋ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಅಪಾಯ ಅಂದುಕೊಂಡಷ್ಟು ದೊಡ್ಡದಿರಲಿಲ್ಲ ಎಂದು ಆಮೇಲೆ ಹೊಸ ವಿಧಾನದಿಂದ ಲೆಕ್ಕ ಹಾಕಿದವರು ಹೇಳಿದ್ದೂ ಉಂಟು. ಆದರೂ ಈ ಕತೆಯ ತಿರುಳು ಬದಲಾಗದು. ಒಬ್ಬ ವಿದ್ಯಾರ್ಥಿನಿ ಸಿದ್ಧ ಉತ್ತರವನ್ನು ನಕಲು ಮಾಡದೆ ತಾನೇ ಲೆಕ್ಕ ಹಾಕಿದಳು. ಹೊಂದಾಣಿಕೆಯಾಗದ ಅಂಕಿಯನ್ನು ಅಳಿಸದೆ ಕೇಳಿದಳು. ಅಷ್ಟೇ ಮುಖ್ಯವಾಗಿ, ವಿದ್ಯಾರ್ಥಿಯ ಪ್ರಶ್ನೆಯನ್ನು ತಳ್ಳಿಹಾಕದೆ ಮತ್ತೆ ಕಾಗದ ಹಿಡಿದು ಕೂತ ದೊಡ್ಡವರೊಬ್ಬರು ಅಲ್ಲಿದ್ದರು. ನಮ್ಮ ಮೌಖಿಕ ಪರೀಕ್ಷೆಯ ಕೋಣೆಗಳಲ್ಲಿ ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಬರವಿದೆ ಎಂಬುದನ್ನು ಓದುಗರೇ ಯೋಚಿಸಲಿ.

ಅಮೆರಿಕದ ಉದಾಹರಣೆ ಕೊಟ್ಟೊಡನೆ ‘ಅವರಲ್ಲಿ ಎಲ್ಲ ಅನುಕೂಲವಿದೆ, ನಮ್ಮಲ್ಲೇನಿದೆ’ ಎಂಬ ಮಾತು ಬರುತ್ತದೆ. ನಮ್ಮಲ್ಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳನ್ನು ಆರಿಸಿ ಸಣ್ಣ ಮೊತ್ತದ ನೆರವು ಕೊಡುತ್ತ, ಮೆಚ್ಚುಗೆಯಾದವನ್ನು ಪ್ರದರ್ಶನಕ್ಕಿಡುತ್ತ ಬಂದಿದೆ. ಹೆಚ್ಚಿನ ಕಾಲೇಜುಗಳು ಇಂಥ ನೆರವನ್ನು ಗೋಡೆಯ ಮೇಲೆ ತೂಗುಹಾಕುವ ಕೀರ್ತಿಪತ್ರವೆಂದು ಭಾವಿಸುತ್ತವೆ. ಆದರೂ ವಿದ್ಯಾರ್ಥಿಯ ಕೆಲಸವನ್ನು ಹೊರಗಿನವರು ನೋಡುತ್ತಾರೆ ಎಂಬ ಅರಿವೇ ಆ ಕೆಲಸದ ಗುಣವನ್ನು ಬದಲಿಸುತ್ತದೆ.

ಇನ್ನೊಂದು ಮಾದರಿ ಕಾಲೇಜಿನ ಹೊರಗಿದೆ. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯನ್ನು ಕೃಷಿಕರೇ ಕೃಷಿಕರಿಗಾಗಿ ಕಟ್ಟಿದರು. ಅದರ ಬರಹಗಾರರಲ್ಲಿ ಅನೇಕರು ಸಂಶೋಧನಾ ವಿಧಾನದ ತರಗತಿಯಲ್ಲಿ ಕೂತವರಲ್ಲ. ಆದರೆ ಇಂಗುಗುಂಡಿಯ ಬಗ್ಗೆಯೋ ಗಿಡದ ರೋಗದ ಬಗ್ಗೆಯೋ ಬರೆಯುವಾಗ ಎಷ್ಟು ಉದ್ದ, ಎಷ್ಟು ಖರ್ಚು, ಎಷ್ಟು ಮಳೆಗಾಲ ನೋಡಿದ್ದು, ಎಲ್ಲಿ ಕೆಟ್ಟಿತು ಎಂಬುದನ್ನು ಬರೆಯುವ ಶಿಸ್ತು ಅಲ್ಲಿ ಬೆಳೆಯಿತು. ಓದಿದವರು ತೋಟಕ್ಕೇ ಬಂದು ನೋಡಬಹುದೆಂಬ ಎಚ್ಚರ ಆ ವಾಕ್ಯಗಳ ಬೆನ್ನ ಹಿಂದೆ ನಿಂತಿರುತ್ತದೆ. ಅಂಕಿಸಂಖ್ಯೆಗೂ ಅನುಭವಕ್ಕೂ ಜಗಳವಿಲ್ಲವೆಂದು, ತಾಂತ್ರಿಕ ವಿಷಯವನ್ನು ಕನ್ನಡದಲ್ಲಿ ಬಿಗಿಯಾಗಿ ಬರೆಯಬಹುದೆಂದು ತೋರಿಸಿಕೊಟ್ಟವರು ತೋಟದ ಜನ. ಕೋಟಿಗಟ್ಟಲೆ ಕಟ್ಟಡಗಳಿರುವ ನಮ್ಮ ಕಾಲೇಜುಗಳು ಈ ಸರಳ ಗದ್ಯದಿಂದ ಕಲಿಯುವುದು ಬಹಳವಿದೆ.

ಹಾಗೆ ನೋಡಿದರೆ ನಮ್ಮ ವರದಿಗಳಲ್ಲೂ ಒಂದು ಜೀವಂತ ಪುಟವಿದೆ. ಅದು ಕೃತಜ್ಞತೆಯ ಪುಟ. ಆಡಳಿತ ಮಂಡಳಿಯಿಂದ ಆರಂಭವಾಗಿ ಪದವಿಯ ಏಣಿ ಇಳಿಯುತ್ತ ಬರುವ ಅದರ ಮೊದಲ ಭಾಗ ದರ್ಬಾರಿನ ವಂದನೆಯಂತಿರುತ್ತದೆ. ಆದರೆ ಕೊನೆಯ ಎರಡು ಸಾಲಿನಲ್ಲಿ ಅಪ್ಪ ಅಮ್ಮ ಬರುತ್ತಾರೆ, ಅಬ್ಬ ಉಮ್ಮ ಬರುತ್ತಾರೆ, ಶುಲ್ಕಕ್ಕೆ ಬಳೆ ಅಡವಿಟ್ಟ ಅಕ್ಕ ಬರುತ್ತಾಳೆ, ಬೀಗ ತೆಗೆದುಕೊಟ್ಟ ಪ್ರಯೋಗಾಲಯದ ಸಹಾಯಕರು ಬರುತ್ತಾರೆ. ಅಲ್ಲಿ ವ್ಯಾಕರಣ ತಪ್ಪಿರಬಹುದು, ಆದರೆ ಆ ಸಾಲನ್ನು ಯಾರೂ ಎರವಲು ತಂದಿರುವುದಿಲ್ಲ. ಹಿಂದೂಸ್ತಾನಿ ಗಾಯಕರು ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ಯಾರಿಂದ ಏನು ಪಡೆದೆ ಎಂದು ಹೇಳುವುದು ಈ ನೆಲದ ಹಳೆಯ ಸಂಸ್ಕಾರ. ಉಲ್ಲೇಖ ಕೊಡುವುದೆಂದರೂ ಮೂಲದಲ್ಲಿ ಇದೇ ಅಲ್ಲವೇ? ಅದನ್ನು ದಂಡನೆಯ ಭಯದಿಂದ ಕಲಿಸುವ ಬದಲು ಋಣ ಹೇಳುವ ಮರ್ಯಾದೆಯಾಗಿ ಕಲಿಸಿದ್ದರೆ ಮಕ್ಕಳಿಗೆ ಅದು ಪರಕೀಯ ಅನ್ನಿಸುತ್ತಿರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಸುಧಾರಣೆಗಳ ಮಾತು ಬೇಡ. ಅವುಗಳ ಗತಿಯನ್ನು ಈಚೆಗೆ ಕಂಡಿದ್ದೇವೆ. ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ 2021-22ರಲ್ಲಿ ಕರ್ನಾಟಕಕ್ಕೆ ನಾಲ್ಕು ವರ್ಷದ ಪದವಿ ಬಂತು, ನಾಲ್ಕನೆಯ ವರ್ಷ ಸಂಶೋಧನೆಯ ಕನಸು ಬಿತ್ತಿತು; 2024ರಲ್ಲಿ ಸರ್ಕಾರ ಮರಳಿ ಮೂರು ವರ್ಷಕ್ಕೆ ತಂದಿತು. ಚರ್ಚೆಯೆಲ್ಲ ವರ್ಷಗಳ ಲೆಕ್ಕದ್ದಾಯಿತು; ಆ ವರ್ಷಗಳಲ್ಲಿ ಮಕ್ಕಳು ಏನು ಬರೆಯುತ್ತಾರೆ ಎಂಬುದನ್ನು ಕೇಳಿದವರು ಕಡಿಮೆ. ಒಂದು ವಿಭಾಗ, ಒಬ್ಬ ಮಾರ್ಗದರ್ಶಕರು ಮನಸ್ಸು ಮಾಡಿದರೆ ನಾಳೆಯೇ ಆಗಬಹುದಾದ ಕೆಲಸಗಳಿವೆ. ವರದಿಯನ್ನು ಕೊನೆಯ ಹದಿನೈದು ದಿನಕ್ಕೆ ಬಿಡದೆ ಮೊದಲ ದಿನದಿಂದ ದಿನಚರಿ ಬರೆಸುವುದು. ತಾರೀಕು ಹಾಕಿದ, ಕೈಬರಹದ, ಚಿತ್ತುಕಾಟಿನ ದಿನಚರಿ. ಅದಕ್ಕೂ ಅಂಕ ಕೊಡುವುದು. ಯಾರು ಯಾವ ಕೆಲಸ ಮಾಡಿದರೆಂದು ಒಂದು ಪುಟದಲ್ಲಿ ಹೆಸರು ಹಿಡಿದು ಬರೆಸುವುದು. ಕೆಟ್ಟದ್ದು, ಕೈಬಿಟ್ಟದ್ದು, ಅರ್ಥವಾಗದೆ ಉಳಿದದ್ದಕ್ಕೆ ಒಂದು ಅಧ್ಯಾಯ ಮೀಸಲಿಡುವುದು. ಹಿಂದಿನ ವರ್ಷದ ಒಂದು ವರದಿಯನ್ನು ಓದಿ, ಅದು ನಿಜವೇ ಎಂದು ಮಾಡಿ ನೋಡಿ, ಆಮೇಲೆ ಮುಂದೆ ಹೋಗುವಂತೆ ಹೇಳುವುದು. ಹೀಗಾದರೆ ಪ್ರತಿ ವರದಿಗೂ ಕನಿಷ್ಠ ಒಂದು ತಂಡದ ಓದುಗರು ಹುಟ್ಟುತ್ತಾರೆ.

ಭಾಷೆಯ ವಿಚಾರದಲ್ಲೂ ಧೈರ್ಯ ಬೇಕು. ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು 2021-22ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಅವಕಾಶ ಕೊಟ್ಟಿತು. ಕನ್ನಡಕ್ಕೆ ಪಠ್ಯಗಳು ಬಂದರೂ ವಿದ್ಯಾರ್ಥಿಗಳು ಮುಗಿಬೀಳಲಿಲ್ಲ. ಕೆಲಸ ಕೊಡುವ ಕಂಪನಿ ಇಂಗ್ಲಿಷ್ ಕೇಳುವಾಗ ಮಕ್ಕಳನ್ನು ಕನ್ನಡಾಭಿಮಾನದ ಬಲಿಪಶು ಮಾಡಬಾರದು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಇಡೀ ಪದವಿಯೇ ಕನ್ನಡದಲ್ಲಾಗಬೇಕಿಲ್ಲ. ವರದಿಯ ಒಂದು ಅಧ್ಯಾಯ - ಈ ಕೆಲಸವನ್ನು ಯಾಕೆ ಹಿಡಿದೆವು, ಹೇಗೆ ಮಾಡಿದೆವು ಎಂಬುದು - ಬರೆದವರ ಮಾತಿನಲ್ಲಿರಲಿ. ಕನ್ನಡದಲ್ಲಿ ತಿಳಿಯಾಗಿ ಯೋಚಿಸಿ ಬರೆದವರಿಗೆ ಅದನ್ನೇ ಇಂಗ್ಲಿಷಿಗೆ ತರುವುದು ಅಷ್ಟು ಕಷ್ಟವಲ್ಲ. ಯೋಚನೆಯೇ ಇಲ್ಲದವರಿಗೆ ಯಾವ ಭಾಷೆಯೂ ನೆರವಿಗೆ ಬರಲಾರದು. ಅಲ್ಲದೆ ಆ ಒಂದು ಅಧ್ಯಾಯವನ್ನು ಮನೆಯಲ್ಲಿ ತಮ್ಮನೋ ತಂಗಿಯೋ ಗಟ್ಟಿಯಾಗಿ ಓದಿದರೆ ಬಳೆ ಅಡವಿಟ್ಟ ಅಕ್ಕನಿಗೂ ಅರ್ಥವಾಗುತ್ತದೆ.

ಇಷ್ಟಕ್ಕೂ ಈ ವಿಷಯ ಕಾಲೇಜಿನ ಗೋಡೆಯೊಳಗೆ ಮುಗಿಯುವಂಥದ್ದಲ್ಲ. ಇವತ್ತು ವರದಿ ಬರೆಯುವ ಮಕ್ಕಳು ನಾಳೆ ಸೇತುವೆ, ಅಣೆಕಟ್ಟು, ಲಿಫ್ಟು, ಬಾಯ್ಲರುಗಳನ್ನು ತಪಾಸಣೆ ಮಾಡಿ ವರದಿ ಬರೆಯುವವರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ನೀರು ಹೊಳೆಗೆ ಹರಿದುಹೋಗುವುದನ್ನು ಬಳ್ಳಾರಿ, ರಾಯಚೂರು, ಕೊಪ್ಪಳದ ರೈತರು ಎದೆ ಹಿಡಿದುಕೊಂಡು ನೋಡಿದರು. ಅಂಥ ಹೊತ್ತಿನಲ್ಲಿ ನಾಡು ಕೇಳುವ ಪ್ರಶ್ನೆ ಒಂದೇ: ಈ ಸರಪಳಿಯನ್ನು ಕೊನೆಯ ಸಲ ಕಣ್ಣಾರೆ ನೋಡಿ, ಕೈಯಾರೆ ಬರೆದವರು ಯಾರು, ಏನು ಬರೆದರು? ‘ಪರಿಶೀಲಿಸಲಾಗಿದೆ, ತೃಪ್ತಿಕರವಾಗಿದೆ’ ಎಂಬ ವಾಕ್ಯ ಈ ಪ್ರಶ್ನೆಗೆ ಎಂದೂ ಉತ್ತರ ಕೊಡದು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನೋಡದ್ದನ್ನು ನೋಡಿದೆನೆಂದು, ನಡೆಯದ್ದನ್ನು ನಡೆಯಿತೆಂದು ಬರೆದು ಚಿನ್ನದ ಅಕ್ಷರದ ಹೊದಿಕೆ ಹಾಕಿಸಿ ಸಹಿ ಪಡೆಯಬಹುದೆಂದು ಕಲಿತವರು ನಲವತ್ತನೆಯ ವಯಸ್ಸಿನಲ್ಲಿ ಬೇರೆ ರೀತಿ ಬರೆಯಬೇಕೆಂದು ಬಯಸುವುದು ನ್ಯಾಯವೂ ಅಲ್ಲ. ಮಕ್ಕಳ ಮೊದಲ ಪುಸ್ತಕವನ್ನು ಕುಳಿತು ಓದುವ ತಾಳ್ಮೆ ನಮಗಿಲ್ಲದಿದ್ದರೆ, ಅವರು ಮುಂದೆ ಬರೆಯುವ ವರದಿಗಳನ್ನು ನಂಬಿ ಸೇತುವೆ ದಾಟುವ ಧೈರ್ಯವಾದರೂ ನಮಗೆ ಎಲ್ಲಿಂದ ಬರಬೇಕು?